ಮುರಿದ ಮುಖಗಳು

ಇಪ್ಪತ್ತೆರಡು ವರ್ಷ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದೆ. ಅದರಲ್ಲಿ ಪ್ರತಿವರ್ಷ ಒಂದು ವಾರ ನನ್ನ ಪಾಲಿಗೆ ಕಳ್ಳತನದ ವಾರ. ನವ್ಯಕಾವ್ಯದ ಪಾಠಕ್ಕೆ ಮುಂಚೆ ಪಶ್ಚಿಮದ ಕಲೆ ಹಾಗೂ ಸಾಹಿತ್ಯ ಪಂಥಗಳ ಅಧ್ಯಾಯವೊಂದು ಬರುತ್ತಿತ್ತು. ಕ್ಯೂಬಿಸಂ ಅಂದರೆ ಘನಾಕೃತಿವಾದ, ಒಂದು ವಸ್ತುವನ್ನು ಏಕಕಾಲಕ್ಕೆ ಹಲವು ಕೋನಗಳಿಂದ ನೋಡುವುದು; ಎಕ್ಸ್‌ಪ್ರೆಷನಿಸಂ ಅಂದರೆ ಅಭಿವ್ಯಕ್ತಿವಾದ, ಅಂತರಂಗದ ತುಮುಲವನ್ನು ಹೊರಗೆಡಹುವುದು. ಇಷ್ಟನ್ನು ನನ್ನ ಹಳೆಯ ನೋಟ್ಸಿನಿಂದ ಓದುತ್ತಿದ್ದೆ, ಹುಡುಗಿಯರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಅದು ನನಗೇ ವಾಪಸು ಬರುತ್ತಿತ್ತು. ಆ ಚಿತ್ರಗಳಲ್ಲಿ ಒಂದನ್ನೂ ನಾನು ನೆಟ್ಟಗೆ ನೋಡಿರಲಿಲ್ಲ. ನೋಡಬೇಕು ಅನ್ನಿಸಿಯೂ ಇರಲಿಲ್ಲ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಯಾವುದೋ ಪುರವಣಿಯಿಂದ ಕತ್ತರಿಸಿಟ್ಟುಕೊಂಡ ಚಿತ್ರ ಹಿಡಿದು ಎದ್ದು ನಿಂತಳು. ಪಿಕಾಸೊನ ‘ಅಳುವ ಹೆಂಗಸು’. ಹಳದಿ, ಹಸಿರು ಬಳಿದ ಮುಖ. ಪಕ್ಕಕ್ಕೆ ತಿರುಗಿದ ಮುಖದಲ್ಲೂ ಎದುರಿಗೇ ಕಾಣುವ ಎರಡು ಕಣ್ಣು. ಹಲ್ಲಿಗೆ ಕಚ್ಚಿದ ಕರವಸ್ತ್ರವೋ ಗಾಜಿನ ಚೂರುಗಳ ಹಾಗೆ. “ಮೇಡಂ, ಹೆಂಗಸರ ಮಾರೀನ ಯಾಕ್ರಿ ಹಿಂಗ ಮುರೀಬೇಕು?” ಎಂದು ಕೇಳಿದಳು. ಕ್ಲಾಸು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. “ಅದು ಪರೀಕ್ಷೆಗೆ ಬರೂದಿಲ್ಲ, ಕೂಡು” ಎಂದೆ. ಅವಳು ಚಿತ್ರವನ್ನು ಪುಸ್ತಕದೊಳಗೆ ಇಟ್ಟುಕೊಂಡು ಕೂತಳು. ಆಮೇಲೆ ವರ್ಷವಿಡೀ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಬರೆಯುತ್ತಿರುವುದು ಅವಳಿಗೆ ಬಹಳ ತಡವಾಗಿ ಹೇಳುತ್ತಿರುವ ಉತ್ತರ.

ನಿವೃತ್ತಿಯಾದ ವರ್ಷ ಬೆಂಗಳೂರಿನಲ್ಲಿರುವ ಮಗಳು ನನಗೆ ಒಂದು ದಪ್ಪ ಚಿತ್ರಕಲೆಯ ಪುಸ್ತಕ ತಂದುಕೊಟ್ಟಳು. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅದನ್ನು ಬಿಚ್ಚಿ ಕೂಡುತ್ತಿದ್ದೆ. ಪಕ್ಕದಲ್ಲಿ ಅವ್ವ, ಅವಳ ಕಾಲ ಮೇಲೆ ಅವಳೇ ಹೊಲಿದ ಕೌದಿ. ಅವ್ವನಿಗೆ ಓದು ಬರುತ್ತಿರಲಿಲ್ಲ. ಚಿತ್ರ ನೋಡುವುದಕ್ಕೆ ಓದು ಯಾಕೆ ಬೇಕು ಎಂಬುದು ಅವಳ ವಾದ.

ಪಿಕಾಸೊ 1907ರಲ್ಲಿ ಬರೆದ ‘ಆವಿಗ್ನಾನ್‌ನ ಹೆಂಗಸರು’ ಬಂದಾಗ ನಾನು ಸರಕ್ಕನೆ ಹಾಳೆ ತಿರುವಿದೆ. ಬಾರ್ಸಿಲೋನಾದ ಆವಿಗ್ನಾನ್ ಬೀದಿಯ ಹೆಸರು ಹೊತ್ತ ಆ ಚಿತ್ರದಲ್ಲಿರುವವರು ಐವರು ವೇಶ್ಯೆಯರು. ಎಲ್ಲರೂ ಬೆತ್ತಲೆ. ಇಬ್ಬರ ಮುಖಗಳಂತೂ ಆಫ್ರಿಕದ ಮರದ ಮುಖವಾಡಗಳ ಹಾಗೆ. ಅವ್ವ ನನ್ನ ಕೈ ತಡೆದಳು. “ತಿರುವಬ್ಯಾಡ, ಇರ್ಲಿ. ಎಷ್ಟ ಬಾಣಂತನ ಮಾಡೀನಿ, ಹೆಣ್ಣಿನ ಮೈ ನಾ ನೋಡಿಲ್ಲೇನು?” ಎಂದಳು. ಬಹಳ ಹೊತ್ತು ನೋಡಿ, “ಇವರು ಮಂದೀನ ಬೈಯಾಕ ನಿಂತಂಗ ನಿಂತಾರ” ಎಂದಳು.

ಆ ಚಿತ್ರದ ಬಗ್ಗೆ ಮುಂದೆ ನಾನು ಏನೇನೋ ಓದಿದೆ. ಅವ್ವನ ಮಾತಿನಷ್ಟು ನೇರವಾದದ್ದು ಸಿಗಲಿಲ್ಲ. ಅದಕ್ಕೆ ಮುಂಚಿನ ಎಷ್ಟೋ ಯುರೋಪಿಯನ್ ಚಿತ್ರಗಳಲ್ಲಿ ಬೆತ್ತಲೆ ಹೆಣ್ಣು ಮಲಗಿರುತ್ತಿದ್ದಳು, ನೋಡುವವನಿಗೆ ಅನುಕೂಲವಾಗುವ ಹಾಗೆ. ಇಲ್ಲಿಯ ಐವರು ಹಾಗೆ ಒದಗುವುದಿಲ್ಲ. ಬಲಗಡೆ ಕುಕ್ಕರುಗಾಲಲ್ಲಿ ಕೂತವಳ ಬೆನ್ನು ನಮ್ಮ ಕಡೆಗಿದೆ, ಮುಖವೂ ನಮ್ಮ ಕಡೆಗೇ ಇದೆ. ಒಂದೇ ಜಾಗದಲ್ಲಿ ನಿಂತು ನೋಡಿದರೆ ಹಾಗೆ ಕಾಣುವುದು ಸಾಧ್ಯವಿಲ್ಲ. ನೋಡುವವನು ಜಾಗ ಬಿಟ್ಟು ಸುತ್ತಬೇಕು, ಸುತ್ತಿ ಕಂಡದ್ದನ್ನು ಒಂದೇ ಹಾಳೆಯ ಮೇಲೆ ಇಡಬೇಕು.

ಕ್ಯೂಬಿಸಂನ ಮೂಲ ಇಲ್ಲಿದೆ. ಹದಿನೈದನೆಯ ಶತಮಾನದಿಂದ ಯುರೋಪಿನ ಚಿತ್ರಗಾರರು ಒಂದೇ ಕಣ್ಣಿಗೆ, ಒಂದೇ ಜಾಗದಿಂದ, ಒಂದು ಕಿಟಕಿಯಲ್ಲಿ ಕಂಡಂತೆ ಲೋಕವನ್ನು ಬರೆಯುತ್ತ ಬಂದಿದ್ದರು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ಆ ಕೆಲಸವನ್ನು ಕ್ಯಾಮೆರಾ ಕ್ಷಣಾರ್ಧದಲ್ಲಿ ಮಾಡತೊಡಗಿದ ಮೇಲೆ ಕೈಗೆ ಬೇರೆ ಕೆಲಸ ಬೇಕಾಯಿತು. ಪಿಕಾಸೊ ಮತ್ತು ಅವನ ಗೆಳೆಯ ಬ್ರಾಕ್ ಆ ಕಿಟಕಿಯನ್ನು ಒಡೆದರು. 1908ರಲ್ಲಿ ಬ್ರಾಕ್ ಬರೆದ ಮನೆಗಳ ಚಿತ್ರ ನೋಡಿ, ಈತ ಎಲ್ಲವನ್ನೂ ಘನಾಕೃತಿಗೆ ಇಳಿಸುತ್ತಾನೆ ಎಂದು ಲೂಯಿ ವೋಕ್ಸೆಲ್ ಎಂಬ ವಿಮರ್ಶಕ ಬರೆದ. ಆ ಟೀಕೆಯೇ ಪಂಥದ ಹೆಸರಾಯಿತು.

ನನಗೆ ಇದು ಅರ್ಥವಾದದ್ದು ವ್ಯಾಖ್ಯಾನದಿಂದ ಅಲ್ಲ, ಅವ್ವನ ಕಾಲ ಮೇಲಿದ್ದ ಕೌದಿಯಿಂದ. ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ, ನಿಮಗೆ ಹೇಳಬೇಕಾಗಿಲ್ಲ. ಆ ಕೌದಿಯಲ್ಲಿ ಅವ್ವನ ಮದುವೆಯ ಇಳಕಲ್ ಸೀರೆಯ ಸೆರಗಿದೆ, ಅಪ್ಪನ ಧೋತರ ಇದೆ, ನನ್ನ ಶಾಲೆಯ ನೀಲಿ ಲಂಗ ಇದೆ, ಹರಿದ ಕುಪ್ಪಸದ ಖಣ ಇದೆ. ಮೂಲೆಯಲ್ಲಿ ಒಂದು ಕೆಂಪು ತುಂಡಿದೆ. ನಾನು ಹುಟ್ಟುವ ಮುಂಚೆ ಎಂಟು ತಿಂಗಳಿಗೇ ಹೋದ ನನ್ನ ಅಣ್ಣನ ಕುಂಚಿಗೆಯದು. ಮೂವತ್ತು ವರ್ಷಗಳ ಸಂಸಾರ ಒಂದೇ ನೋಟಕ್ಕೆ ಕಾಣುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬ ತಂಟೆ ಇಲ್ಲ. ಹಲವು ಕಾಲ, ಹಲವು ಮೈ, ಎಲ್ಲ ಒಂದೇ ಸಮತಲದ ಮೇಲೆ. ಕ್ಯೂಬಿಸ್ಟರು ಕ್ಯಾನ್ವಾಸಿನ ಮೇಲೆ ಮಾಡಹೊರಟಿದ್ದೂ ಇದಕ್ಕೆ ಹತ್ತಿರದ್ದೇ.

ಇದು ನನ್ನ ಹೆಂಗಸು ಬುದ್ಧಿಯ ಹೋಲಿಕೆ ಎಂದುಕೊಂಡಿದ್ದೆ. ಆಮೇಲೆ ಸೋನಿಯಾ ಡೆಲೋನೆಯ ವಿಷಯ ಓದಿದೆ. ಈಕೆ 1885ರಲ್ಲಿ ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬದುಕಿದ ಕಲಾವಿದೆ. 1911ರಲ್ಲಿ ಮಗ ಚಾರ್ಲ್ಸ್ ಹುಟ್ಟಿದಾಗ, ತಾನು ಬಾಲ್ಯದಲ್ಲಿ ಕಂಡ ರೈತರ ಮನೆಯ ಹೊದಿಕೆಗಳ ನೆನಪಿನಲ್ಲಿ, ಬಟ್ಟೆಯ ತುಂಡುಗಳನ್ನು ಜೋಡಿಸಿ ತೊಟ್ಟಿಲಿಗೊಂದು ಕೌದಿ ಹೊಲಿದಳು. ಹೊಲಿದು ಮುಗಿಸಿ ನೋಡಿದರೆ ಅದರಲ್ಲಿ ಕ್ಯೂಬಿಸ್ಟ್ ಚಿತ್ರದ ಲಕ್ಷಣ ಅವಳಿಗೇ ಕಂಡಿತು. ಅದೇ ಬಗೆಯನ್ನು ಮುಂದೆ ತನ್ನ ವರ್ಣಚಿತ್ರಗಳಿಗೂ ತಂದುಕೊಂಡಳು. ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಮೇಣಗಪಡವನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗ ಕಟ್ಟಿ, ಕೊಲಾಜ್ ಎಂಬ ಹೊಸ ದಾರಿ ತೆರೆದದ್ದು 1912ರಲ್ಲಿ. ಕೌದಿ ಅದಕ್ಕಿಂತ ಒಂದು ವರ್ಷ ಮೊದಲಿನದು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ನನ್ನ ನೋಟ್ಸಿನಲ್ಲಿ ಮೇಣಗಪಡಕ್ಕೆ ಜಾಗವಿತ್ತು, ತೊಟ್ಟಿಲ ಕೌದಿಗೆ ಇರಲಿಲ್ಲ. ಇಂದು ಅದು ಪ್ಯಾರಿಸ್ಸಿನ ಆಧುನಿಕ ಕಲೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ.

ಸಾಹಿತ್ಯದಲ್ಲಿ ಇದೇ ಪ್ರಯೋಗವನ್ನು ಹಟ ಹಿಡಿದು ಮಾಡಿದವಳೂ ಒಬ್ಬ ಹೆಂಗಸು, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಗರ್ಟ್ರೂಡ್ ಸ್ಟೈನ್. ತನ್ನ ಭಾವಚಿತ್ರಕ್ಕಾಗಿ ಪಿಕಾಸೊನ ಎದುರು ತೊಂಬತ್ತು ಸಲ ಕೂತೆ ಎಂದು ಆಕೆ ಹೇಳಿಕೊಂಡಿದ್ದಾಳೆ. ಅಷ್ಟು ಕೂತ ಮೇಲೂ ಅವನಿಗೆ ಮುಖ ಹಿಡಿಸಲಿಲ್ಲ. ಅಳಿಸಿಹಾಕಿ, 1906ರಲ್ಲಿ ಅವಳಿಲ್ಲದಾಗ ಮುಖವಾಡದಂತಹ ಮುಖ ಬರೆದು ಮುಗಿಸಿದ. ಸ್ಟೈನ್ 1914ರಲ್ಲಿ ಪ್ರಕಟಿಸಿದ ‘ಟೆಂಡರ್ ಬಟನ್ಸ್’ ಎಂಬ ಪುಸ್ತಕದಲ್ಲಿ ಮೂರು ಭಾಗಗಳಿವೆ: ವಸ್ತುಗಳು, ಆಹಾರ, ಕೋಣೆಗಳು. ನಮ್ಮ ದಿನವೆಲ್ಲ ಕಳೆಯುವುದು ಈ ಮೂರರಲ್ಲೇ ಅಲ್ಲವೆ? ಆದರೆ ಆಕೆ ಅವನ್ನು ವರ್ಣಿಸುವುದಿಲ್ಲ. ವಾಕ್ಯದ ಕಟ್ಟನ್ನೇ ಬಿಚ್ಚಿ, ಪದಗಳನ್ನು ತುಂಡುತುಂಡಾಗಿ ಪಕ್ಕಪಕ್ಕಕ್ಕೆ ಇಡುತ್ತಾಳೆ. ನಿಜ ಹೇಳಬೇಕೆಂದರೆ ಆ ಪುಸ್ತಕವನ್ನು ನನಗೆ ಪೂರ್ತಿ ಓದಲಾಗಲಿಲ್ಲ. ತುಂಡುಗಳು ಚೆನ್ನಾಗಿವೆ, ಹೊಲಿಗೆ ಕಾಣಲಿಲ್ಲ. ಕೌದಿಯ ತುಂಡು ತಾನು ಯಾವ ಸೀರೆಯದು ಎಂಬುದನ್ನು ಮರೆಯುವುದಿಲ್ಲ; ಸ್ಟೈನಳ ಪದಗಳು ತಮ್ಮ ಮನೆಯನ್ನು ಮರೆಯಲೆಂದೇ ಹೊರಟಂತಿವೆ. ನನ್ನ ಮಿತಿ ಇದ್ದೀತು.

ಆದರೂ ಆ ಹುಡುಗಿಯ ಪ್ರಶ್ನೆ ಹಾಗೇ ಉಳಿಯಿತು. ಸುತ್ತಿ ನೋಡುವುದು ಸರಿ. ಅಳುವವಳನ್ನೂ ಸುತ್ತಿ ನೋಡುವುದೆ?

ಪುಸ್ತಕದಲ್ಲಿ ಮುಂದೆ ಎಕ್ಸ್‌ಪ್ರೆಷನಿಸಂ ಬಂತು. ಅದರ ನೆಲ ಮುಖ್ಯವಾಗಿ ಜರ್ಮನಿ. ನಾರ್ವೆಯ ಮುಂಕ್ 1893ರಲ್ಲೇ ‘ಚೀತ್ಕಾರ’ ಬರೆದು ದಾರಿ ತೋರಿದ್ದ. 1905ರಲ್ಲಿ ಡ್ರೆಸ್ಡೆನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ಹುಡುಗರು ‘ಸೇತುವೆ’ ಎಂಬ ಬಳಗ ಕಟ್ಟಿದರು. 1911ರಲ್ಲಿ ಮ್ಯೂನಿಕ್‌ನಲ್ಲಿ ‘ನೀಲಿ ಸವಾರ’ ಹುಟ್ಟಿತು. ಇವರಿಗೆ ವಸ್ತುವಿನ ಸುತ್ತ ಹೋಗುವ ಗರಜು ಇರಲಿಲ್ಲ. ಮನಸ್ಸಿನೊಳಗೆ ಆಗುತ್ತಿರುವುದು ಹೊರಗಿನ ಲೋಕದ ಬಣ್ಣವನ್ನೇ ಬದಲಿಸುತ್ತದೆ ಎಂದು ನಂಬಿದವರು ಇವರು. ಭಯವಾದರೆ ಆಕಾಶ ಕೆಂಪು, ಬೀದಿ ಓರೆ, ಮನೆಗಳು ಮೈಮೇಲೆ ಬೀಳುವಂತೆ. ಸಾಹಿತ್ಯದಲ್ಲಿ ಕಾಫ್ಕನನ್ನು ವಿಮರ್ಶಕರು ಪೂರ್ತಿಯಾಗಿ ಈ ಪಂಥಕ್ಕೆ ಸೇರಿಸುವುದಿಲ್ಲ. ಆದರೆ ಅವನ ‘ರೂಪಾಂತರ’ 1915ರಲ್ಲಿ ಅಚ್ಚಾದದ್ದು ಈ ಪಂಥದವರ ಪತ್ರಿಕೆಯಲ್ಲೇ. ಮನೆಗೆ ದುಡಿದು ಹಾಕುವ ಮಗ ತನ್ನನ್ನು ಹುಳುವಿನಂತೆ ಭಾವಿಸಿದ ಎಂದು ಬರೆದಿದ್ದರೆ ಅದೊಂದು ಸಾಮಾನ್ಯ ಕಥೆ. ಕಾಫ್ಕ ಅವನನ್ನು ಹುಳುವಾಗಿಯೇ ಎಬ್ಬಿಸುತ್ತಾನೆ. ಒಳಗಿನದನ್ನು ಮೈಯಾಗಿ ಮಾಡುತ್ತಾನೆ.

ಇನ್ನೊಬ್ಬ ಆಸ್ಟ್ರಿಯಾದ ಕವಿ ಗೇಯಾರ್ಗ್ ಟ್ರಾಕ್ಲ್. ವೃತ್ತಿಯಿಂದ ಔಷಧ ಮಾರುವವನು. 1914ರಲ್ಲಿ ಗ್ರೊಡೆಕ್ ಎಂಬಲ್ಲಿ ಯುದ್ಧವಾದಾಗ, ತಕ್ಕಷ್ಟು ಔಷಧವಿಲ್ಲದೆ, ಒಂದು ಕೊಟ್ಟಿಗೆಯಲ್ಲಿ ಸುಮಾರು ತೊಂಬತ್ತು ಗಾಯಾಳುಗಳನ್ನು ಒಬ್ಬನೇ ನೋಡಿಕೊಳ್ಳಬೇಕಾಯಿತು. ಅದನ್ನು ಅವನ ಮನಸ್ಸು ತಡೆಯಲಿಲ್ಲ. ಆ ಊರಿನ ಹೆಸರಿನಲ್ಲೇ ಒಂದು ಕವಿತೆ ಬರೆದು, ನವೆಂಬರ್ 3ರಂದು, 27ನೆಯ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಕವಿತೆಗಳಲ್ಲಿ ನೀಲಿ, ಕಂದು, ಕಪ್ಪು ಬಣ್ಣಗಳು ತುಂಬಿವೆ. ಅವು ವಸ್ತುಗಳ ಬಣ್ಣಗಳಲ್ಲ, ನೋಡುತ್ತಿರುವ ಮನಸ್ಸಿನವು. ‘ತುಮುಲ’ ಎಂಬ ಪದವನ್ನು ಅಷ್ಟು ವರ್ಷ ಬಾಯಿಪಾಠ ಬರೆಸಿದ ನನಗೆ, ಅದರ ಹಿಂದೆ ಒಂದು ಕೊಟ್ಟಿಗೆ, ತೊಂಬತ್ತು ಜನರ ನರಳಾಟ ಇದ್ದೀತೆಂದು ಹೊಳೆದಿರಲಿಲ್ಲ.

ಟ್ರಾಕ್ಲ್ ಸಾಯುವುದಕ್ಕೆ ಎರಡು ವಾರವೂ ಇಲ್ಲದಾಗ, ಬೆಲ್ಜಿಯಂನಲ್ಲಿ ಪೀಟರ್ ಎಂಬ 18 ವರ್ಷದ ಜರ್ಮನ್ ಹುಡುಗ ಯುದ್ಧದಲ್ಲಿ ಸತ್ತ. ಅವನ ತಾಯಿ ಕೇಟೆ ಕೋಲ್ವಿಟ್ಸ್. ಈಕೆ ಎಕ್ಸ್‌ಪ್ರೆಷನಿಸಂನ ಬಳಗಗಳಿಗೆ ಸೇರಿದವಳಲ್ಲ. ಬರ್ಲಿನ್ನಿನ ಬಡವರ ಕೇರಿಯಲ್ಲಿ ಡಾಕ್ಟರಾಗಿದ್ದವನ ಹೆಂಡತಿ. ಗಂಡನ ಬಳಿ ಬರುವ ಕೂಲಿ ಹೆಂಗಸರನ್ನು ನೋಡುತ್ತ ಚಿತ್ರ ಬರೆದವಳು. ಆದರೆ ನೋವನ್ನು ಗೆರೆಯಾಗಿ ಮಾಡಿದವರ ಚರಿತ್ರೆಯನ್ನು ಈಕೆಯನ್ನು ಬಿಟ್ಟು ಬರೆಯಲಾಗದು.

1903ರಲ್ಲಿ ಆಕೆ ‘ಸತ್ತ ಮಗುವಿನೊಡನೆ ತಾಯಿ’ ಎಂಬ ಎಚ್ಚಿಂಗ್ ಮಾಡಿದಳು. ಕಾಲು ಮಡಚಿ ಕೂತ ತಾಯಿ ಕೂಸನ್ನು ಎದೆಗೆ ಒತ್ತಿ, ಅದರೊಳಗೆ ಮುಖ ಹುದುಗಿಸಿದ್ದಾಳೆ. ಅಪ್ಪಿಕೊಂಡಿದ್ದಾಳೆ ಎಂದರೆ ಸಾಲದು, ಮತ್ತೆ ಹೊಟ್ಟೆಯೊಳಗೆ ಹಾಕಿಕೊಳ್ಳುವ ಹಾಗಿದ್ದಾಳೆ. ಅದಕ್ಕೆ ಆಕೆ ಬೇರೆ ಯಾರನ್ನೂ ಕೂಡಿಸಿಕೊಳ್ಳಲಿಲ್ಲ. ಕನ್ನಡಿಯ ಮುಂದೆ, ಏಳು ವರ್ಷದ ಪೀಟರನನ್ನು ತೋಳಲ್ಲಿ ಹಿಡಿದು, ತನ್ನನ್ನೇ ನೋಡಿ ಬರೆದಳು. ಹನ್ನೊಂದು ವರ್ಷಗಳ ನಂತರ ಅದೇ ಹುಡುಗ ಸತ್ತ.

ಆ ಪುಟ ಬಂದಾಗ ಅವ್ವ ಮಾತಾಡಲಿಲ್ಲ. ಕೌದಿಯ ಮೂಲೆಯನ್ನು ಬೆರಳಿನಿಂದ ಸವರುತ್ತಿದ್ದಳು. ಬಹಳ ಹೊತ್ತಿನ ಮೇಲೆ, “ಇದನ್ನ ಹಡದಾಕೀನ ತಗದಾಳ” ಎಂದಳು. ಬರೆದವರು ಗಂಡಸೋ ಹೆಂಗಸೋ ನಾನು ಹೇಳಿರಲಿಲ್ಲ. ಅಣ್ಣನ ವಿಷಯ ಅವ್ವ ನನ್ನ ಹತ್ತಿರ ಆಡಿದ್ದು ಜೀವಮಾನದಲ್ಲಿ ಎರಡೋ ಮೂರೋ ಸಲ. ಅಂದು ಸಂಜೆಯವರೆಗೆ ಅವನ ಮಾತೇ ಆಡಿದಳು: ಎಷ್ಟು ಬೆಳ್ಳಗಿದ್ದ, ಯಾವ ಹೊತ್ತಿಗೆ ಜ್ವರ ಬಂತು, ಯಾರು ಎತ್ತಿಕೊಂಡು ಹೋದರು, ಕುಂಚಿಗೆಯನ್ನು ಮಾತ್ರ ತಾನು ಹೇಗೆ ಕೊಡಲಿಲ್ಲ. ಬರ್ಲಿನ್ನಿನ ಒಬ್ಬ ಹೆಂಗಸು ನೂರು ವರ್ಷದ ಹಿಂದೆ ತಾಮ್ರದ ತಗಡಿನ ಮೇಲೆ ಕೊರೆದ ಗೆರೆಗಳು ನಮ್ಮ ಪಡಸಾಲೆಯಲ್ಲಿ ಅಷ್ಟು ಮಾತನ್ನು ಬಿಡಿಸಿದವು. ಸಾಹಿತ್ಯ, ಕಲೆ ಯಾತಕ್ಕೆ ಎಂದು ಯಾರಾದರೂ ಕೇಳಿದರೆ ನಾನು ಆ ಸಂಜೆಯನ್ನು ನೆನೆಯುತ್ತೇನೆ.

ಕೋಲ್ವಿಟ್ಸಳ ಕಥೆಯಲ್ಲಿ ಇನ್ನೂ ಕಠಿಣವಾದದ್ದೊಂದಿದೆ. ಪೀಟರ್ ಸ್ವಂತ ಇಚ್ಛೆಯಿಂದ ಸೈನ್ಯ ಸೇರಿದವನು. ವಯಸ್ಸು ಸಾಲದ್ದರಿಂದ ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಬೇಡವೆಂದ, ಮಗನ ಪರವಾಗಿ ಮಾತಾಡಿ ಒಪ್ಪಿಸಿದವಳು ತಾಯಿಯೇ. ಆ ನಂತರ ಆಕೆ ಮರದ ಅಚ್ಚಿನಲ್ಲಿ ಮಾಡಿದ ‘ಯುದ್ಧ’ ಎಂಬ ಏಳು ಚಿತ್ರಗಳ ಮಾಲೆಯಲ್ಲಿ ಮೊದಲನೆಯದು ‘ಬಲಿ’: ಕಣ್ಣು ಮುಚ್ಚಿದ ತಾಯಿಯೊಬ್ಬಳು ಹಸುಗೂಸನ್ನು ಎರಡೂ ಕೈಯಲ್ಲಿ ಎತ್ತಿ ಒಪ್ಪಿಸುತ್ತಿದ್ದಾಳೆ. ಅದರಲ್ಲಿ ಶತ್ರುವಿನ ಮೇಲೆ ಆರೋಪವಿಲ್ಲ, ತನ್ನ ಮೇಲೆಯೇ ಇದೆ. ಮಗನ ಸಮಾಧಿಯ ಬಳಿ ನಿಲ್ಲಿಸಲು ಶಿಲ್ಪವೊಂದನ್ನು 1914ರಲ್ಲೇ ಯೋಚಿಸಿದಳು. ಮಾಡಿದಳು, ಕೈಬಿಟ್ಟಳು, ಮತ್ತೆ ಮಾಡಿದಳು. ಅದು ನಿಂತದ್ದು 1932ರಲ್ಲಿ. ಮಗ ಬದುಕಿದ್ದಷ್ಟೇ ವರ್ಷಗಳು ಹಿಡಿದವು. ಮೊಣಕಾಲೂರಿದ ತಂದೆ, ಮೊಣಕಾಲೂರಿದ ತಾಯಿ. ಬೇರೆ ಬೇರೆ ಪೀಠ, ನಡುವೆ ಜಾಗ ಖಾಲಿ. ಯಾವ ಮುಖವೂ ಮುರಿದಿಲ್ಲ. ಅವರು ಮುರಿಯದೆ ಹಿಡಿದುಕೊಂಡಿದ್ದಾರೆ, ಅಷ್ಟೆ. ಮುಂದಿನ ವರ್ಷವೇ ನಾಜಿಗಳು ಆಕೆಯನ್ನು ಪ್ರಶ್ಯನ್ ಕಲಾ ಅಕಾಡೆಮಿಯಿಂದ ಹೊರಹಾಕಿದರು. 1919ರಲ್ಲಿ ಆ ಅಕಾಡೆಮಿಗೆ ಆಯ್ಕೆಯಾಗಿದ್ದವಳು ಆಕೆ.

ಇಷ್ಟಾದ ಮೇಲೆ ಪಿಕಾಸೊ ಬುದ್ಧಿಯ ಕಲಾವಿದ, ಕೋಲ್ವಿಟ್ಸ್ ಹೃದಯದವಳು. ಅವನು ಒಡೆದ, ಇವಳು ಅಪ್ಪಿದಳು ಎಂದು ಮುಗಿಸಿದರೆ ನನಗೂ ಹಿತ, ಓದುವ ನಿಮಗೂ ಹಿತ. ಅವ್ವನ ಮಾತೂ ಅದಕ್ಕೆ ಒದಗುತ್ತದೆ. ಆದರೆ 1937 ಅದಕ್ಕೆ ಬಿಡುವುದಿಲ್ಲ. ಆ ವರ್ಷ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕ ಎಂಬ ಊರಿನ ಮೇಲೆ, ಫ್ರಾಂಕೋನ ಪರವಾಗಿ ಬಂದ ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಾಂಬು ಸುರಿದವು. ಪಿಕಾಸೊ ಅದನ್ನು ಏಳೂಮುಕ್ಕಾಲು ಮೀಟರು ಉದ್ದದ ಕ್ಯಾನ್ವಾಸಿನ ಮೇಲೆ ಬರೆದ. ಬಣ್ಣವಿಲ್ಲ, ಕಪ್ಪು, ಬೂದಿ, ಬಿಳಿ ಮಾತ್ರ. ಎಡತುದಿಯಲ್ಲಿ ಸತ್ತ ಕೂಸನ್ನು ಹಿಡಿದ ತಾಯಿ ಆಕಾಶಕ್ಕೆ ಬಾಯಿ ತೆರೆದಿದ್ದಾಳೆ. ಅವಳ ನಾಲಗೆ ಚೂರಿಯಂತೆ ಮೊನಚು, ಕಣ್ಣುಗಳು ಕಂಬನಿಯ ಆಕಾರಕ್ಕೇ ತಿರುಗಿವೆ. ಮುಖವನ್ನು ಎರಡು ಕಡೆಯಿಂದ ನೋಡಿದ ಕ್ಯೂಬಿಸಂ ಅಲ್ಲಿದೆ. ನೋವು ಮೈಯನ್ನೇ ಬದಲಿಸಿದ ಎಕ್ಸ್‌ಪ್ರೆಷನಿಸಂ ಕೂಡ ಅಲ್ಲಿದೆ. ನನ್ನ ನೋಟ್ಸಿನಲ್ಲಿ ಬೇರೆ ಬೇರೆ ಪುಟದಲ್ಲಿದ್ದ ಎರಡು ವಾದಗಳು ಒಬ್ಬ ತಾಯಿಯ ಕುತ್ತಿಗೆಯಲ್ಲಿ ಕೂಡಿಕೊಂಡಿವೆ. ಹಡೆದವಳೇ ಬರೆಯಬೇಕೆಂದಿಲ್ಲ, ಅವ್ವ.

ಹುಡುಗಿ ತಂದಿದ್ದ ‘ಅಳುವ ಹೆಂಗಸು’ ಅದೇ ವರ್ಷದ ಅಕ್ಟೋಬರಿನದು, ಆ ತಾಯಿಯ ಬೆನ್ನಿಗೇ ಬಂದದ್ದು. ಅದಕ್ಕೆ ಆಧಾರವಾದವಳು ಡೋರಾ ಮಾರ್. ಸ್ವತಃ ಒಳ್ಳೆಯ ಛಾಯಾಗ್ರಾಹಕಿ. ‘ಗೆರ್ನಿಕ’ ದಿನದಿನಕ್ಕೆ ಬೆಳೆದದ್ದನ್ನು ಫೋಟೋ ತೆಗೆದಿಟ್ಟವಳು ಆಕೆಯೇ. ಆದರೆ ಪಿಕಾಸೊ ಅವಳನ್ನು ಮತ್ತೆಮತ್ತೆ ಅಳುವವಳನ್ನಾಗಿಯೇ ಬರೆದ. ಜನರೂ ಬಹುಕಾಲ ಅವಳನ್ನು ಅಳುವವಳೆಂದೇ ನೆನಪಿಟ್ಟರು, ಅವಳ ಫೋಟೋಗಳನ್ನು ಮರೆತರು. ಹೀಗಾಗಿ ಆ ಚಿತ್ರದ ಮುಂದೆ ನನ್ನ ಮನಸ್ಸು ಇಂದಿಗೂ ಒಂದೇ ಕಡೆ ನಿಲ್ಲುವುದಿಲ್ಲ. ಆ ಮುಖವನ್ನು ಒಡೆದದ್ದು ಗೆರ್ನಿಕದ ಬಾಂಬೋ, ಮಗ್ಗುಲಲ್ಲಿ ನಿಂತ ಗಂಡಸಿನ ಕೈಯೋ? ಎರಡೂ ಹೌದು ಅನ್ನಿಸುತ್ತದೆ.

ಹಿಂದಿನ ಬೆಂಚಿನ ಹುಡುಗಿಯೇ, ನೀನು ಈಗ ಎಲ್ಲಿದ್ದೀಯೋ, ನಿನಗೆ ಮಕ್ಕಳೆಷ್ಟೋ ನನಗೆ ತಿಳಿಯದು. ಅಂದು ನಾನು ಹೇಳಬೇಕಾಗಿದ್ದದ್ದು ಇಷ್ಟು. ಮುರಿದ ಮುಖ ಕಂಡಾಗಲೆಲ್ಲ, ಅದು ಚಿತ್ರದಲ್ಲಿರಲಿ, ಕವಿತೆಯಲ್ಲಿರಲಿ, ಮೊದಲು ಕೇಳಬೇಕಾದದ್ದು ಅದು ಯಾವ ವಾದ ಎಂದಲ್ಲ, ಇದನ್ನು ಮುರಿದದ್ದು ಯಾರು ಎಂದು. ಕುಂಚ ಹಿಡಿದವನೇ ತನ್ನ ಸುಖಕ್ಕೆ ಮುರಿದನೊ? ಎಲ್ಲ ಮಗ್ಗುಲನ್ನೂ ತೋರಿಸಲು ಬಿಚ್ಚಿಟ್ಟನೊ? ಅಥವಾ ಅವನು ಬರುವ ಮುಂಚೆಯೇ ಲೋಕ ಅದನ್ನು ಮುರಿದಿತ್ತೊ, ಅವನು ಸುಳ್ಳು ಹೇಳದೆ ಬರೆದನೊ? ಉತ್ತರ ಚಿತ್ರದಿಂದ ಚಿತ್ರಕ್ಕೆ ಬೇರೆ. ನೋಡಿಯೇ ಹೇಳಬೇಕು, ನೋಟ್ಸಿನಿಂದ ಹೇಳಲಾಗದು. ನಿನ್ನ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ ಎಂದದ್ದು ಮಾತ್ರ ನಿಜ. ನಮ್ಮ ಪ್ರಶ್ನೆಪತ್ರಿಕೆ ಅಷ್ಟು ದೊಡ್ಡದಾಗಿರಲಿಲ್ಲ.

ಅವ್ವ ಹೋಗಿ ನಾಲ್ಕು ವರ್ಷವಾಯಿತು. ಕೌದಿ ನನ್ನ ಹತ್ತಿರ ಇದೆ. ಮೂಲೆಯ ಕೆಂಪು ತುಂಡಿನ ಹೊಲಿಗೆ ಈಚೆಗೆ ಬಿಚ್ಚಿಕೊಂಡಿತ್ತು. ಕನ್ನಡಕ ಹಾಕಿಕೊಂಡು ಹಳೆಯ ಸೂಜಿಯ ತೂತುಗಳಲ್ಲೇ ದಾರ ಹಾಕಿ ಹೊಲಿದೆ.